ಮೂರು ಸಲ ಕೂರುವ ದಾರಿ

"ಇದನ್ನ ಬರೆದ ಕತ್ತೆ ಯಾರು?"

ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಕೈಯಲ್ಲಿ ನಮ್ಮ ಉದ್ಯಾನ ಇಲಾಖೆಯ ಹೊಸ ಕರಪತ್ರವಿತ್ತು. 'ಎಲ್ಲರಿಗೂ ಸುಲಭ: ಊರಿನ ಏಳು ಚೆಂದದ ನಡಿಗೆಗಳು' ಎಂದು ಅದರ ಹೆಸರು. ಯಾವ ದಾರಿ ಎಷ್ಟು ಉದ್ದ, ಏನೇನು ನೋಡಬಹುದು, ಯಾವ ಕಾಲದಲ್ಲಿ ಹೋದರೆ ಚೆನ್ನ ಎಂದೆಲ್ಲ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಈಗ ಅದರ ತುಂಬ ಕೆಂಪು ಪೆನ್ಸಿಲ್ಲಿನ ಗೀಟುಗಳು.

ಕತ್ತೆ ನಾನೇ. ಇಲಾಖೆಯಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತ. ಸಾಹೇಬರು ಒಂದು ವಾರ ಕೊಟ್ಟಿದ್ದರು, ನಾನು ನಾಲ್ಕೇ ದಿನದಲ್ಲಿ ಬರೆದು ಮುಗಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು.

"ನಾಲ್ಕನೇ ದಾರಿ, ಗುಡ್ಡದ ತೋಟ. ಸುಲಭ ಅಂತ ಬರೆದಿದ್ದೀಯ. ಅಲ್ಲಿ ಅರವತ್ತೆರಡು ಮೆಟ್ಟಿಲಿವೆ. ನೋಡಿದ್ದೀಯಾ?"

"ನಕ್ಷೆಯಲ್ಲಿ ಮೆಟ್ಟಿಲು ಇರಲಿಲ್ಲ ಚಿಕ್ಕಮ್ಮ."

"ದೂರದ ಬೆಟ್ಟ ನುಣ್ಣಗೆ ಅಂತಾರೆ. ನೀನು ದೂರದಿಂದಲೂ ನೋಡಿಲ್ಲವಲ್ಲೋ! ಕುರ್ಚಿಯಿಂದ ನೋಡಿದ್ದೀಯ."

ಮೂವತ್ತೊಂದು ವರ್ಷ ನೀರಿನ ಮೀಟರ್ ಓದಿದವಳು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ದಿನಕ್ಕೆ ನೂರಿಪ್ಪತ್ತು ಮನೆ. ಕಬ್ಬಿಣದ ಕೊಕ್ಕೆಯಿಂದ ಮುಚ್ಚಳ ಎತ್ತಬೇಕು, ಮಂಡಿ ಊರಿ ಬಗ್ಗಬೇಕು, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿಂದ ಒರೆಸಿ ಅಂಕೆ ಓದಬೇಕು, ಬರೆದುಕೊಂಡು ಏಳಬೇಕು. ಮತ್ತೆ ಮುಂದಿನ ಮನೆ. ಆ ಕೆಲಸದಲ್ಲಿ ಒಂದು ಕಳ್ಳದಾರಿಯಿತ್ತಂತೆ. ಹೋದ ತಿಂಗಳ ಅಂಕೆಗೆ ಅಂದಾಜಿನಲ್ಲಿ ಒಂದಷ್ಟು ಸೇರಿಸಿ, ಟೀ ಅಂಗಡಿಯಲ್ಲೇ ಕೂತು ಇಡೀ ಬೀದಿಯ ಪುಸ್ತಕ ತುಂಬಿಬಿಡುವುದು. 'ಟೀ ಅಂಗಡಿ ರೀಡಿಂಗ್' ಎಂದು ಅವರಲ್ಲಿ ಅದಕ್ಕೆ ಹೆಸರು. ಚಿಕ್ಕಮ್ಮ ಒಂದು ದಿನವೂ ಅದನ್ನು ಮಾಡಲಿಲ್ಲ. ನಾಯಿ ಕಚ್ಚಿದ ದಿನ ಕೂಡ ಕಾಲಿಗೆ ಬಟ್ಟೆ ಕಟ್ಟಿಕೊಂಡು ಆ ಮನೆಯ ಮೀಟರ್ ಓದಿಯೇ ಆಸ್ಪತ್ರೆಗೆ ಹೋದವಳು. "ಬಗ್ಗಿ ಓದದ ಅಂಕೆ ಸುಳ್ಳು ಅಂಕೆ" ಎನ್ನುವುದು ಅವಳ ಮಾತು. ಈ ಮಾತನ್ನು ನಾನು ಹಾಲು ಹಲ್ಲಿನ ಕಾಲದಿಂದ ಕೇಳಿದ್ದೇನೆ, ಕೇಳಿ ಕೇಳಿ ರೋಸಿಹೋಗಿದ್ದೇನೆ.

ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, "ಬಂದ ಗಂಡುಗಳೆಲ್ಲ ಟೀ ಅಂಗಡಿ ರೀಡಿಂಗ್" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಗೋಡೆಯ ಮೊಳೆಗೆ ಆ ಹಳೆಯ ಕೊಕ್ಕೆ. ಅಷ್ಟು ವರ್ಷ ಬಗ್ಗಿ ಎದ್ದ ಲೆಕ್ಕಕ್ಕೆ ನಿವೃತ್ತಿಯ ಹೊತ್ತಿಗೆ ಎರಡೂ ಮಂಡಿ ಸವೆದಿದ್ದವು. "ಮಂಡಿ ತಾನೇ ಸವೆದಿದ್ದು, ನಾಲಿಗೆ ಅಲ್ಲವಲ್ಲ" ಎನ್ನುತ್ತಿದ್ದಳು. ನಿಜಕ್ಕೂ ಸವೆದಿರಲಿಲ್ಲ.

ಅವಳಿಗೆ ಕರಪತ್ರದ ಮೇಲೆ ಅಷ್ಟು ಸಿಟ್ಟು ಬರಲು ಕಾರಣ ಅಮ್ಮ. ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಕೋಲು ಬಂತು, ಮನೆಯೊಳಗೆ ಓಡಾಡುವಷ್ಟಾದಳು. ಹೊಸ್ತಿಲು ದಾಟಲು ಮಾತ್ರ ನಾನು ಬಿಡಲಿಲ್ಲ. ಇನ್ನೊಂದು ಸಲ ಬಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ದರು. ಆ ಮಾತು ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅಮ್ಮ ಕಿಟಕಿಯ ಬಳಿ ಎದ್ದು ನಿಂತರೂ ನನಗೆ ಜೀವ ಬಾಯಿಗೆ ಬರುತ್ತಿತ್ತು.

ಅಮ್ಮ ಕೇಳಿದ್ದು ಒಂದೇ. ನೀರು ಸರಬರಾಜು ಕಚೇರಿಯ ಹಿಂದೆ ಕಾಲುವೆಯ ಏರಿ ಇದೆ. ಅದರ ಕೊನೆಯಲ್ಲಿ ಒಂದು ಒಡ್ಡು, ಅದರ ಮೇಲಿಂದ ನೀರು ಕೆಳಗಿನ ಮಡುವಿಗೆ ಬೀಳುತ್ತದೆ. ಅಕ್ಕ ತಂಗಿ ಚಿಕ್ಕವರಿದ್ದಾಗ ದಿನಾ ಅಲ್ಲಿಗೆ ಓಡುತ್ತಿದ್ದರಂತೆ. "ಒಂದೇ ಒಂದ್ಸಲ ನನ್ನ ಕಾಲಲ್ಲೇ ನಡೆದು ಹೋಗಿ ಆ ನೀರು ನೋಡಬೇಕು ಕಣೋ" ಎಂದಳು ಅಮ್ಮ. ಆಗಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ. ಊಟ ಮಾತ್ರ ಕಡಿಮೆ ಮಾಡಿದಳು.

ಕರಪತ್ರದ ಜಗಳವಾದ ಮೇಲೆ ನನಗೂ ಹಟ ಬಂತು. ನಾನು ಬರೆದದ್ದು ಸರಿ ಎಂದು ತೋರಿಸಬೇಕಿತ್ತು. ಹೂ ಬಿಡುವ ಕಾಲ ಬಂದಾಗ ಒಂದು ಭಾನುವಾರ, ಚಿಕ್ಕಮ್ಮನಿಗೆ ಹೇಳದೆ, ಬಾಡಿಗೆಯ ಗಾಲಿಕುರ್ಚಿ ತಂದು ಅಮ್ಮನನ್ನು ಕರಪತ್ರದ ಎರಡನೇ ದಾರಿಗೆ ಕರೆದುಕೊಂಡು ಹೋದೆ. ಕೆರೆಯ ದಂಡೆ, ಎರಡೂ ಬದಿಗೆ ಹೂ ಬಿಟ್ಟ ಮರಗಳು, ಮೆಟ್ಟಿಲಿಲ್ಲ. 'ಸೂಕ್ತ ಕಾಲ: ಹೂವಿನ ಕಾಲ' ಎಂದು ನಾನೇ ಬರೆದಿದ್ದೆನಲ್ಲ!

ಊರಿಗೆ ಊರೇ ಅಲ್ಲಿತ್ತು. ಒಂದೊಂದು ಮರದ ಕೆಳಗೂ ಫೋಟೊ ಹಿಡಿಯುವವರ ಸಾಲು, ಒಂದೊಂದು ಬೆಂಚಿನ ಮೇಲೂ ಚೀಲ. ಕುರ್ಚಿಯಲ್ಲಿ ಕೂತ ಅಮ್ಮನ ಕಣ್ಣಿನ ಮಟ್ಟಕ್ಕೆ ಜನರ ಬೆನ್ನು, ಸೊಂಟದ ಬೆಲ್ಟು, ಕೈಚೀಲ. ಹೂವೆಲ್ಲ ಮೇಲೆ. ಯಾರೋ ಒಬ್ಬಳು ನನ್ನನ್ನು, "ಅಜ್ಜಿನ ಸ್ವಲ್ಪ ಸೈಡಿಗೆ ತಳ್ಳಿ" ಎಂದಳು. ಅಮ್ಮನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನಾನೂ ತಳ್ಳಿದೆ.

"ಮನೆಗೆ ಹೋಗೋಣ" ಎಂದಳು ಅಮ್ಮ. ಮನೆಗೆ ಬಂದು ತನ್ನ ಕೋಲು ಕೈಗೆ ತಗೊಂಡ ಮೇಲೆ, "ನಾನೇನು ಸಾಮಾನಾ?" ಎಂದು ಕೇಳಿದಳು.

ಚಿಕ್ಕಮ್ಮನಿಗೆ ವಿಷಯ ತಿಳಿದಾಗ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಅಕ್ಕನ ಪಕ್ಕ ಕೂತು, "ಅಕ್ಕ, ನಿನಗೆ ಒಂದೇ ಉಸಿರಿಗೆ ಎಷ್ಟು ಹೆಜ್ಜೆ ಆಗುತ್ತೆ?" ಎಂದು ಕೇಳಿದಳು.

ಅಡಿಗೆಮನೆಯಿಂದ ಮುಂಬಾಗಿಲಿಗೆ ಅಮ್ಮನ ಹೆಜ್ಜೆಯಲ್ಲಿ ಇಪ್ಪತ್ತೆರಡು. ಮೊದಲ ದಿನ ಎರಡು ಸಲ ಹೋಗಿ ಕೂತುಬಿಟ್ಟಳು. ಚಿಕ್ಕಮ್ಮ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ನಲವತ್ತನಾಲ್ಕು ಎಂದು ಬರೆದಳು, ಪಕ್ಕದಲ್ಲಿ ತಾರೀಕು. ವಾರಕ್ಕೊಂದು ಸಲ ಬಂದು ಓದುತ್ತಿದ್ದಳು, ಹೊಸ ಅಂಕೆ ಬರೆಯುತ್ತಿದ್ದಳು. ಐವತ್ತು, ಐವತ್ತೆಂಟು, ನೆಗಡಿ ಬಂದ ವಾರ ನಲವತ್ತು, ಮತ್ತೆ ಅರವತ್ತಾರು. ಮನೆಗೆ ಬಣ್ಣ ಹೊಡೆಸಿ ಆರು ತಿಂಗಳಾಗಿರಲಿಲ್ಲ. ನನ್ನಾಕೆ ಚೌಕಟ್ಟು ನೋಡಿ ನಿಟ್ಟುಸಿರುಬಿಟ್ಟಳು, ಆದರೆ ಒರೆಸಲಿಲ್ಲ.

ಅತ್ತ ಚಿಕ್ಕಮ್ಮ ದಾರಿಗಳನ್ನು ಓದತೊಡಗಿದಳು. ನನ್ನ ಏಳೂ ದಾರಿಗಳಲ್ಲಿ ಆ ಸವೆದ ಮಂಡಿಯನ್ನೇ ಎಳೆದುಕೊಂಡು, ಪ್ರತಿ ಕಾಲದಲ್ಲೂ ನಡೆದಳು. ಹಳೆಯ ರೀಡಿಂಗ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಳು. ಅವಳ ಪುಸ್ತಕದಲ್ಲಿ ಕಿಲೋಮೀಟರೇ ಇಲ್ಲ. ದಾರಿಯ ಅಳತೆ ಎಂದರೆ ಎಷ್ಟು ಸಲ ಕೂರಬೇಕು ಅನ್ನುವುದು. ಒಂದು ಸಲ ಕೂರುವ ದಾರಿ, ಐದು ಸಲ ಕೂರುವ ದಾರಿ, ಕೂರಲು ಜಾಗವೇ ಇಲ್ಲದ ದರಿದ್ರ ದಾರಿ. ಬೆಂಚಿಗೆ ಕೈ ಊರಿ ಏಳಲು ತೋಳಿದೆಯೇ, ನೆರಳು ಎಷ್ಟು ಹೊತ್ತಿನವರೆಗೆ, ಶೌಚಾಲಯದ ಬಾಗಿಲಿಗೆ ಬೀಗ ಹಾಕಿರುತ್ತಾರೆಯೇ, ನಾಯಿ ಯಾವ ಬಣ್ಣದ್ದು, ಎಲ್ಲ ಇತ್ತು.

ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು.

"ನೋಡೋಕೆ ಚೆಂದದ ಕಾಲ ಬೇರೆ, ನಡೆಯೋಕೆ ಚೆಂದದ ಕಾಲ ಬೇರೆ. ಹೂವಿನ ಕಾಲದಲ್ಲಿ ಎಸಳು ಬಿದ್ದು ಕಲ್ಲು ಜಾರುತ್ತೆ. ಜನ ಬೇರೆ. ಬೇಸಿಗೆಯಲ್ಲಿ ಕಬ್ಬಿಣದ ಬೆಂಚು ಕಾದ ಕಾವಲಿ, ಕೂತರೆ ಗೊತ್ತಾಗುತ್ತೆ. ಎಲೆ ಉದುರೋ ಕಾಲ ಇನ್ನೂ ಮೋಸ. ಗುಂಡಿ ಎಲ್ಲ ಎಲೆ ಮುಚ್ಚಿಕೊಂಡಿರುತ್ತೆ, ಕೋಲು ಒಳಗೆ ಹೋಗುತ್ತೆ."

"ಹಾಗಾದ್ರೆ ಯಾವಾಗ ಹೋಗಬೇಕು? ಸತ್ತ ಮೇಲಾ?"

"ಮಳೆ ನಿಂತ ಮೂರನೇ ವಾರ" ಎಂದಳು, ನನ್ನ ಕುಹಕವನ್ನು ಕಿವಿಗೆ ಹಾಕಿಕೊಳ್ಳದೆ. "ಕೆಸರು ಒಣಗಿರುತ್ತೆ, ಧೂಳು ಎದ್ದಿರಲ್ಲ. ಹುಲ್ಲು ಹಸಿರು, ಕಾಲುವೆ ತುಂಬಾ ನೀರು. ಹೂವಿಲ್ಲ, ಹಾಗಾಗಿ ಜನ ಇಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬನಿ ಆರಿರುತ್ತೆ. ಆ ವಾರ ಬಿಟ್ಟರೆ ಮತ್ತೆ ಒಂದು ವರ್ಷ ಕಾಯಬೇಕು."

"ಯಾವ ದಾರಿ?"

"ನೀನು ಬರೆಯದೇ ಬಿಟ್ಟ ದಾರಿ. ಕಾಲುವೆ ಏರಿ."

ಅದನ್ನು ನಾನು ಬಿಟ್ಟಿದ್ದೆ, ನಿಜ. ನೋಡುವಂಥದ್ದೇನೂ ಇಲ್ಲ ಎಂದು ನಕ್ಷೆ ನೋಡಿಯೇ ತೀರ್ಮಾನಿಸಿದ್ದೆ. ಅವಳ ಲೆಕ್ಕ ಹೀಗಿತ್ತು. ಗೇಟಿನಿಂದ ಮೊದಲ ಬೆಂಚಿಗೆ ಅಮ್ಮನ ಹೆಜ್ಜೆಯಲ್ಲಿ ಎಂಬತ್ತು. ಅಲ್ಲಿಂದ ಎರಡನೆಯದಕ್ಕೆ ಎಂಬತ್ತೈದು. ಆಮೇಲೆ ಒಡ್ಡಿನ ಕಲ್ಲುಕಟ್ಟೆಯವರೆಗೆ ನೂರಎಪ್ಪತ್ತು, ನಡುವೆ ಕೂರಲು ಏನೂ ಇಲ್ಲ. ಆ ಹೊತ್ತಿಗೆ ಚೌಕಟ್ಟಿನ ಅಂಕೆ ಎಂಬತ್ತೆಂಟು ಮುಟ್ಟಿತ್ತು, ಅಲ್ಲೇ ನಿಂತಿತ್ತು. ಸರಿಯಾಗಿ ನಡುವೆ ಒಂದು ಬೆಂಚು ಬಿದ್ದರೆ ಅಮ್ಮ ನೀರು ನೋಡುತ್ತಾಳೆ, ಇಲ್ಲದಿದ್ದರೆ ಇಲ್ಲ.

ಚಿಕ್ಕಮ್ಮ ನಮ್ಮ ಇಲಾಖೆಗೆ ಅರ್ಜಿ ಕೊಟ್ಟಳು. ಸಾಹೇಬರು ಒಂದು ಸಾಲಿನ ಉತ್ತರ ಹೇಳಿದರು, ನಾನು ಟೈಪ್ ಮಾಡಿದೆ: 'ಸದರಿ ದಾರಿಯು ನಡಿಗೆಯ ಪಟ್ಟಿಯಲ್ಲಿ ಇಲ್ಲದ ಕಾರಣ ಬೆಂಚು ಒದಗಿಸಲು ಅವಕಾಶವಿಲ್ಲ.' ಪಟ್ಟಿ ಬರೆದವನು ಯಾರು ಎಂದು ಸಾಹೇಬರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎರಡನೇ ದಿನ ಚಿಕ್ಕಮ್ಮ ತನ್ನ ಅಡಿಗೆಮನೆಯ ಮರದ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಆ ಜಾಗದಲ್ಲಿ ಇಟ್ಟು ಬಂದಳು. ಏರಿಯ ಕಾವಲುಗಾರ ಅದನ್ನು ಎತ್ತಿ ಗೋದಾಮಿಗೆ ಹಾಕಿದ. ಮರುದಿನ ಎರಡನೇ ಕುರ್ಚಿ ಹೋಯಿತು, ಅದೂ ಗೋದಾಮು ಸೇರಿತು. ಆಮೇಲೆ ನಮ್ಮ ಮನೆಯ ಕುರ್ಚಿ ಒಂದು ಕಾಣೆಯಾಯಿತು. ಯಾರು ಕೊಟ್ಟರು ಎಂದು ನಾನು ಕೇಳಿದರೆ ಅತ್ತೆ ಸೊಸೆ ಇಬ್ಬರೂ ಗೋಡೆ ನೋಡಿದರು.

ಆ ಕುರ್ಚಿಯನ್ನು ಚಿಕ್ಕಮ್ಮ ಏರಿಯ ಕಬ್ಬಿಣದ ಕಂಬಿಗೆ ಸರಪಳಿಯಿಂದ ಕಟ್ಟಿ ಬೀಗ ಹಾಕಿದಳು. ಮೀಟರ್ ಪೆಟ್ಟಿಗೆಗೆ ಹಾಕುವಂಥ ಗಟ್ಟಿ ಬೀಗ. ನಾಲ್ಕು ದಿನದಲ್ಲಿ ಆ ಕುರ್ಚಿಗೆ ಗಿರಾಕಿಗಳು ಹುಟ್ಟಿಕೊಂಡರು. ಹೊಟ್ಟೆ ಹೊತ್ತ ಬಸುರಿ, ಅಂಚೆ ಚೀಲದವನು, ಗುಂಡಿಗೆ ಆಪರೇಷನ್ ಆದ ಮೇಷ್ಟ್ರು. ಇಲಾಖೆಯಿಂದ ನೋಟಿಸು ಹೋಯಿತು: 'ಅನಧಿಕೃತ ಆಸನವನ್ನು ಕೂಡಲೇ ತೆರವುಗೊಳಿಸತಕ್ಕದ್ದು.' ಅದನ್ನೂ ಟೈಪ್ ಮಾಡಿದ ಬೆರಳು ನನ್ನದೇ. ಚಿಕ್ಕಮ್ಮ ನೋಟಿಸನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಕುರ್ಚಿಯ ಕಾಲಿನ ಕೆಳಗೆ ಸಿಕ್ಕಿಸಿದಳು.

"ಈ ವಯಸ್ಸಲ್ಲಿ ಯಾಕೆ ಚಿಕ್ಕಮ್ಮ ಇದೆಲ್ಲ? ನನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ" ಎಂದು ರೇಗಿದೆ.

"ಕುಂಟನಿಗೆ ಎಂಟು ಚೇಷ್ಟೆ ಅಂತಾರಲ್ಲ. ನನ್ನದಿನ್ನೂ ಮೂರೇ ಆಗಿರೋದು, ಐದು ಬಾಕಿ ಇದೆ."

ಮಳೆ ನಿಂತಿತು. ಒಂದು ವಾರ, ಎರಡು ವಾರ. ಮೂರನೇ ವಾರದ ಗುರುವಾರ ಸಾಹೇಬರು ನನ್ನನ್ನು ಕರೆದರು. "ನಾಳೆ ಬೆಳಿಗ್ಗೆ ಕಾವಲುಗಾರ ಸರಪಳಿ ಕತ್ತರಿಸ್ತಾನೆ. ನೀನು ಎದುರಿಗಿದ್ದು, ಆಸನ ತೆರವುಗೊಳಿಸಲಾಯಿತು ಅಂತ ವರದಿ ಬರೆದು ಕೊಡು." ಕುರ್ಚಿ ನನ್ನ ಮನೆಯದೇ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನು ಆಗಲಿ ಸಾರ್ ಎಂದು ಆದೇಶಕ್ಕೆ ಸಹಿ ಹಾಕಿದೆ.

ಮನೆಯಲ್ಲಿ ಹೇಳಲಿಲ್ಲ. ಕುರ್ಚಿ ಹೋದರೆ ಅಮ್ಮ ಹೋಗುವುದಿಲ್ಲ, ಹೋಗದಿದ್ದರೆ ಬೀಳುವುದಿಲ್ಲ. ಉಳಿದದ್ದು ಏನಾದರಾಗಲಿ. ನನ್ನ ಯೋಚನೆ ಇಷ್ಟೇ ಇತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಶುಕ್ರವಾರ ಒಂಬತ್ತೂವರೆಗೆ ಏರಿಯ ಮೇಲೆ ನಿಂತೆ. ಆ ಜಾಗಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಾಲುವೆ ತುಂಬಿ ಹರಿಯುತ್ತಿತ್ತು. ಹುಲ್ಲು ಒದ್ದೆಯಿಲ್ಲ, ನೆಲ ಗಟ್ಟಿ, ಕಾಲಿಗೆ ಹಿತ. ನೀಲಿ ಹಕ್ಕಿಯೊಂದು ನೀರಿಗೆ ಬಿದ್ದು ಎದ್ದು ಕಂಬಿಯ ಮೇಲೆ ಕೂತಿತು. ನೋಡುವಂಥದ್ದೇನೂ ಇಲ್ಲ ಎಂದು ತೀರ್ಮಾನಿಸಿದ ಮನುಷ್ಯ ನಾನು. ಕಾವಲುಗಾರ ದೊಡ್ಡ ಕತ್ತರಿ ಹಾಕಿ ಸರಪಳಿ ತುಂಡು ಮಾಡಿದ, ಕುರ್ಚಿ ಎತ್ತಿ ಹೆಗಲಿಗೆ ಹಾಕಿಕೊಂಡ.

ಅಷ್ಟರಲ್ಲಿ ಎರಡನೇ ಬೆಂಚಿನಿಂದ ಇಬ್ಬರು ಎದ್ದರು. ಮುಂದೆ ಅಮ್ಮ, ಹಿಂದೆ ಚಿಕ್ಕಮ್ಮ. ಅಮ್ಮ ನೆಲ ನೋಡಿಕೊಂಡು ಬರುತ್ತಿದ್ದಳು, ಕುರ್ಚಿ ಇಲ್ಲದ್ದನ್ನು ನೋಡಿರಲಿಲ್ಲ. ಕೋಲು, ಕಾಲು, ಕಾಲು. ಕೋಲು, ಕಾಲು, ಕಾಲು. ನಾನು ನನಗರಿವಿಲ್ಲದೆ ಎಣಿಸತೊಡಗಿದೆ. ಹತ್ತು, ಇಪ್ಪತ್ತು, ನಲವತ್ತೈದು. ಇನ್ನು ಹಿಂದೆ ಹೋದರೂ ಕಷ್ಟ, ಮುಂದೆ ಬಂದರೆ ಕೂರಲು ಜಾಗವಿಲ್ಲ. ಅವಳು ಬೀಳುವುದಾದರೆ ನಾನು ಸಹಿ ಹಾಕಿದ ಜಾಗದಲ್ಲೇ ಬೀಳುತ್ತಾಳೆ.

"ಇಡು" ಎಂದೆ ಕಾವಲುಗಾರನಿಗೆ.

"ಏನ್ ಸಾರ್?"

"ಕುರ್ಚಿ ಇಡು ಕೆಳಗೆ."

"ಸಾರ್, ಆದೇಶಕ್ಕೆ ಸಹಿ ಹಾಕಿದ್ದು ನೀವೇ ಅಲ್ವಾ?"

"ಹಾಕಿದ್ದೆ. ಟೀ ಅಂಗಡಿ ರೀಡಿಂಗ್ ಅದು. ಇಡಪ್ಪ!"

ಅವನಿಗೆ ಏನೂ ಅರ್ಥವಾಗಲಿಲ್ಲ, ನನ್ನ ಮುಖ ನೋಡಿ ಇಟ್ಟ. ನಾನು ಮಂಡಿ ಊರಿ ಬಗ್ಗಿ, ಕುರ್ಚಿಯ ಕಾಲಿಗೆ ಆ ನೋಟಿಸಿನ ಮಡಿಕೆ ಮತ್ತೆ ಸಿಕ್ಕಿಸಿದೆ. ಅಲುಗಾಡಿಸಿ ನೋಡಿದೆ. ಗಟ್ಟಿಯಾಗಿತ್ತು.

ಎಂಬತ್ತಾರನೇ ಹೆಜ್ಜೆಗೆ ಅಮ್ಮ ಬಂದು ಮುಟ್ಟಿದಳು. ಕುರ್ಚಿಯ ಬೆನ್ನು ಹಿಡಿದು ನಿಂತು ಉಸಿರು ತಗೊಂಡಳು. ನನ್ನನ್ನು ನೋಡಿದಳು, ತುಂಡಾದ ಸರಪಳಿ ನೋಡಿದಳು. ಆಮೇಲೆ ತಿರುಗಿ ತಂಗಿಯನ್ನು ನೋಡಿದಳು. ನಾನೂ ಆಗಲೇ ನೋಡಿದ್ದು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು. ಒಂದು ಕೈ ಕಂಬಿಯ ಮೇಲೆ, ಬಲಗಾಲು ನೆಲಕ್ಕೆ ಊರಲಾಗದೆ ಅರ್ಧ ಎತ್ತಿಕೊಂಡಿದ್ದಳು. ವರ್ಷವಿಡೀ ಏಳು ದಾರಿ ನಾಲ್ಕು ನಾಲ್ಕು ಸಲ ಓದಿದ ಮಂಡಿ ಅದು. ನಮಗ್ಯಾರಿಗೂ ಹೇಳಿರಲಿಲ್ಲ.

"ನೀನು ಕೂತ್ಕೊ" ಎಂದಳು ಅಮ್ಮ.

"ಏ, ನಿನಗೆ ಅಂತ ಇಟ್ಟಿದ್ದು ಅಕ್ಕ. ನಿನ್ನ ಎಂಬತ್ತೆಂಟು ಆಗ್ತಾ ಬಂತು, ಮೊದಲು ಕೂರು."

"ಕೂತ್ಕೊಳ್ಳೇ ಅಂದೆ."

ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ನನ್ನ ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ಕೂತಳು. ಕೂತವಳು ಕಾಲು ನೀಡಿ, ಕಣ್ಣು ಮುಚ್ಚಿ, "ಅಮ್ಮಾ" ಎಂದಳು.

ಅಮ್ಮ ಕುರ್ಚಿಯ ಬೆನ್ನಿಗೆ ಒರಗಿ ಐದು ನಿಮಿಷ ನಿಂತಳು. ಆಮೇಲೆ ಕೋಲು ಮುಂದಿಟ್ಟಳು. ನಾನು ಕೈ ಚಾಚಿದೆ. "ಪಕ್ಕದಲ್ಲಿ ಬಾ, ಮುಟ್ಟಬೇಡ" ಎಂದಳು. ನಾನು ಪಕ್ಕದಲ್ಲಿ ನಡೆದೆ, ಮುಟ್ಟಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

ಒಡ್ಡಿನ ಕಲ್ಲುಕಟ್ಟೆ ಬಂದಾಗ ಅಮ್ಮ ತಾನೇ ಕೈ ಊರಿ ಕೂತಳು. ನೀರು ಬಿಳಿಯಾಗಿ ಬೀಳುತ್ತಿತ್ತು, ತುಂತುರು ಅವಳ ಕನ್ನಡಕದ ಮೇಲೆ ಕೂತಿತು. ಒರೆಸಿಕೊಳ್ಳಲಿಲ್ಲ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ, ನಾನು ಮಾತ್ರ ಅತ್ತೆ.

ಹಿಂದಿನಿಂದ ಚಿಕ್ಕಮ್ಮನ ಕೂಗು ಬಂತು. "ಎಷ್ಟಾಯ್ತೇ ಅಕ್ಕಾ? ಎಷ್ಟು ಹೆಜ್ಜೆ?"

ಅಮ್ಮ ನೀರಿನ ಸದ್ದಿನ ಮೇಲೆ ಗಂಟಲು ಎತ್ತರಿಸಿದಳು. "ಎಣಿಸಲಿಲ್ಲ ಕಣೇ!"

ಮಧ್ಯಾಹ್ನ ಕಚೇರಿಗೆ ಹೋಗಿ ವರದಿಯ ನಮೂನೆ ಮುಂದಿಟ್ಟುಕೊಂಡು ಕೂತೆ. 'ಆಸನ ತೆರವುಗೊಳಿಸಿದ ವಿವರ' ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ನಾಲ್ಕು ಗೆರೆ ಖಾಲಿ. ಸಾಹೇಬರು ಎರಡು ಸಲ ಹೇಳಿ ಕಳುಹಿಸಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಕಣ್ಣಾರೆ ನೋಡಿದ್ದನ್ನೇ ಬರೆದೆ:

'ಸ್ಥಳಕ್ಕೆ ಹೋಗಿ ಖುದ್ದು ಪರಿಶೀಲಿಸಲಾಯಿತು. ಇದು ಮೂರು ಸಲ ಕೂರುವ ದಾರಿ. ಕೂರಲು ಎರಡೇ ಬೆಂಚು ಇವೆ. ಮಳೆ ನಿಂತ ಮೂರನೇ ವಾರದಲ್ಲಿ ಬಹಳ ಚೆನ್ನಾಗಿರುತ್ತದೆ. ಕುರ್ಚಿಯನ್ನು ತೆರವುಗೊಳಿಸಿಲ್ಲ. ಅದರಲ್ಲಿ ನನ್ನ ಚಿಕ್ಕಮ್ಮ ಕೂತಿದ್ದಾಳೆ. ನಾಳೆಯೂ ಕೂರುತ್ತಾಳೆ.'

ಕೆಳಗೆ ಸಹಿ ಹಾಕಿದೆ, ತಾರೀಕು ಬರೆದೆ, ನಾನೇ ತಗೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟೆ.